ಐಕಮತ್ಯವೂ ಮತಭೇದವೂ

ದುಡಿಯುವವನ ಶ್ರಮದ ಫಲವು ಹಣ ಹೂಡಿದವನ ಪಾಲಾಗುವ ವ್ಯವಸ್ಥೆಯು ಅನ್ಯಾಯವೆಂಬುದನ್ನು ಕ್ರಾಂತಿವಾದಿಗಳಾದ ಎಡಪಂಥದವರೆಲ್ಲರೂ ಒಪ್ಪುತ್ತಾರೆ. ಅದು ತೊಲಗಬೇಕೆಂಬುದರಲ್ಲಿಯೂ ಅವರಿಗೆ ಸಂಶಯವಿಲ್ಲ. ಹೀಗಿದ್ದರೂ ಅವರಲ್ಲಿ ಒಂದು ಪಂಗಡವು ಇನ್ನೊಂದನ್ನು ಖಂಡಿಸುವಾಗ ತೋರುವ ಕಟುತ್ವವು ಬಂಡವಾಳಶಾಹಿಯನ್ನು ಖಂಡಿಸುವಾಗಲೂ ಅನೇಕ ವೇಳೆ ಕಂಡುಬರುವುದಿಲ್ಲ. ಇಂಥವರು ಒಂದಾಗಬಲ್ಲರೆ? ಒಂದಾಗುವುದು ಅವರ ಕರ್ತವ್ಯವೆ? ಮೊದಲನೆಯದು ಅನುಭವದಿಂದ ತಿಳಿಯತಕ್ಕ ವಿಷಯ. ಎರಡನೆಯದು ಧರ್ಮವಿಚಾರಕ್ಕೆ ಸೇರಿದುದು.

ಮತಭೇದವೆಲ್ಲವೂ ನಾಯಕರ ಅಹಂಕಾರದ ಫಲವೆಂದು ತಳ್ಳಿಹಾಕುವುದು ಸುಲಭವೇ ಹೊರತು ನ್ಯಾಯವಲ್ಲ. 1872ರಲ್ಲಿ ಹೇಗ್ ನಗರದ ಅಧಿವೇಶನದಲ್ಲಿ ಮಾರ್ಕ್ಸನ ಪಕ್ಷದವರು ಬಕೂನಿನನನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘದಿಂದ ಹೊರಗೆ ಹಾಕಿದಾಗ, ಕಾರ್ಮಿಕರು ರಾಜ್ಯಾಧಿಕಾರವನ್ನು ಕೈಗೆ ತೆಗೆದುಕೊಳ್ಳಬೇಕೋ ಅದನ್ನೇ ಅಳಿಸಬೇಕೋ ಎಂಬ ಗಹನವಾದ ಪ್ರಶ್ನೆಯು ಅವರ ಮುಂದಿತ್ತು. ಭಾರತದಲ್ಲಿ 1964ರಲ್ಲಿ ಕಮ್ಯುನಿಸ್ಟ್ ಪಕ್ಷವು ಎರಡಾಯಿತು. 1969ರಲ್ಲಿ ಚುನಾವಣೆಯ ಮಾರ್ಗವನ್ನು ತೊರೆದವರ ಮೂರನೆಯ ಪಕ್ಷವು ಹುಟ್ಟಿತು. ಮತಪೆಟ್ಟಿಗೆಯೋ ಬಂದೂಕೋ ಎಂಬ ವಾದದಲ್ಲಿ ಜನರ ಪ್ರಾಣವೇ ಒತ್ತೆಯಾಗಿರುವಾಗ, ಅದನ್ನು ಹರಟೆಯೆಂದು ಹೇಗೆ ಹೇಳಲಾದೀತು?

ಆದರೆ ಒಡಕಿನ ಬೆಲೆಯೂ ಅಲ್ಪವಲ್ಲ. 1932ರ ನವೆಂಬರಿನಲ್ಲಿ ಜರ್ಮನಿಯ ಚುನಾವಣೆಯಲ್ಲಿ ನಾಜಿಗಳಿಗೆ 196 ಸ್ಥಾನಗಳು ದೊರೆತವು. ಸಮಾಜವಾದಿಗಳಾದ ಸೋಷಿಯಲ್ ಡೆಮಾಕ್ರಟರು 121ನ್ನೂ ಕಮ್ಯುನಿಸ್ಟರು 100ನ್ನೂ ಪಡೆದಿದ್ದರು. ಇಬ್ಬರ ಬಲವನ್ನೂ ಕೂಡಿದರೆ ಶತ್ರುವಿಗಿಂತ ಹೆಚ್ಚು, ಆದರೆ ಕೂಡಿಸುವವರಿರಲಿಲ್ಲ. 1933ರ ಜನವರಿ 30ರಂದು ಹಿಟ್ಲರನು ಪ್ರಧಾನಿಯಾದನು. ಬಳಿಕ ಎರಡು ಪಕ್ಷಗಳವರೂ ಒಂದೇ ಬಂದೀಶಿಬಿರಗಳನ್ನು ಸೇರಿದರು. ಹೊರಗೆ ಸಾಧಿಸಲಾಗದ ಸಹವಾಸವು ಸೆರೆಯಲ್ಲಿ ಸಾಧಿಸಿತು!

ಕನ್ನಡಿಗರಿಗೆ ಸಮೀಪದ ನಿದರ್ಶನವು ಕಾಸರಗೋಡಿನ ಸೀಮೆಯದು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ ರೈತರು ಜಮೀನ್ದಾರರ ವಿರುದ್ಧ ಸಂಘ ಕಟ್ಟಿದರು. 1941ರ ಮಾರ್ಚಿಯಲ್ಲಿ ಪೊಲೀಸನೊಬ್ಬನು ಹೊಳೆಯ ಪಾಲಾದ ಪ್ರಕರಣದಲ್ಲಿ ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ಯ ಮೂಲಕ ಆ ಕಥೆಯು ಕನ್ನಡದ ಮನೆಗಳನ್ನು ಸೇರಿದೆ. ಸತ್ತವರು ಒಂದೇ ಸಂಘದವರು. 1964ರ ಬಳಿಕ ಅವರ ಹೆಸರಿಗೆ ವಾರಸುದಾರರು ಇಬ್ಬರಾದರು. ಹುತಾತ್ಮರ ಸ್ಮರಣೆಯಿಂದ ಮಾತ್ರವೇ ಐಕಮತ್ಯವು ಉಂಟಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಅದು ಯಾವುದರಿಂದ ಉಂಟಾಗುತ್ತದೆ? 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಬೆಂಗಳೂರಿನ ಸರಕಾರಿ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ, ಬೇರೆ ಬೇರೆ ಬಾವುಟಗಳ ಸಂಘಗಳು ಒಂದೇ ವೇದಿಕೆಗೆ ಬಂದವು. ಬೇಡಿಕೆಯು ಈಡೇರದೆ ಮುಷ್ಕರವು ಮುಗಿಯಿತು. ಆದರೂ ಒಕ್ಕೂಟವು ಅಷ್ಟು ದಿನ ನಿಂತಿತು. 2020-21ರಲ್ಲಿ ದೆಹಲಿಯ ಗಡಿಯಲ್ಲಿ ಕುಳಿತ ರೈತಸಂಘಗಳಲ್ಲಿ ಪರಸ್ಪರ ಒಪ್ಪದವರೇ ಬಹಳ. ಆದರೆ ಮೂರು ಕಾಯಿದೆಗಳು ರದ್ದಾಗಬೇಕೆಂಬಲ್ಲಿ ಎಲ್ಲರ ಮಾತೂ ಒಂದೇ. 2021ರ ನವೆಂಬರಿನಲ್ಲಿ ಅವು ರದ್ದಾದವು. ಸೋತಲ್ಲಿಯೂ ಗೆದ್ದಲ್ಲಿಯೂ ಅವರು ಸಿದ್ಧಾಂತವನ್ನು ಒಂದು ಮಾಡಲು ಹೊರಡದೆ ಕಾರ್ಯವೊಂದನ್ನು ಒಟ್ಟಾಗಿ ಹಿಡಿದರೆಂಬುದು ಗಮನಾರ್ಹ.

ಸಂಪೂರ್ಣವಾದ ಐಕ್ಯವೇ ಶ್ರೇಯಸ್ಕರವೆಂದು ವಾದಿಸುವವರು ಇನ್ನೊಂದು ಚರಿತ್ರೆಯನ್ನು ನೆನೆಯಬೇಕು. ಒಂದು ಕಾಲದಲ್ಲಿ ಪರಸ್ಪರರ ಕಾರ್ಯಕರ್ತರನ್ನೇ ಕೊಂದಿದ್ದ ಎರಡು ಸಶಸ್ತ್ರ ಪಂಗಡಗಳು 2004ರ ಸೆಪ್ಟೆಂಬರಿನಲ್ಲಿ ವಿಲೀನವಾಗಿ ಮಾವೋವಾದಿ ಪಕ್ಷವೆನಿಸಿದವು. ಆ ಪಕ್ಷದ ನಾಯಕರಲ್ಲೊಬ್ಬರೂ ಕರ್ನಾಟಕದ ಇತಿಹಾಸವನ್ನು ಬರೆದವರೂ ಆದ ಮೈಸೂರಿನ ಸಾಕೇತ್ ರಾಜನ್ 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಕಾಡಿನ ಯುದ್ಧವು ಈ ನಾಡಿಗೆ ಹೊಂದುವುದೆ ಎಂಬ ವಿವಾದದಿಂದ ಉಳಿದವರಲ್ಲಿ ಒಡಕುಂಟಾಯಿತು; 2014ರಲ್ಲಿ ಇಬ್ಬರೂ, 2025ರ ಜನವರಿಯಲ್ಲಿ ಆರು ಮಂದಿಯೂ ಶಸ್ತ್ರಮಾರ್ಗವನ್ನು ಬಿಟ್ಟು ಹೊರಗೆ ಬಂದರು. ತಪ್ಪು ದಾರಿಯನ್ನು ಹಿಡಿದವರು ಒಟ್ಟಾಗಿ ನಡೆದ ಮಾತ್ರಕ್ಕೆ ದಾರಿಯು ಸರಿಯಾಗುವುದಿಲ್ಲ. ಒಡೆದು ಹೊರಬಂದವರೇ ವಿವೇಕಿಗಳಾಗುವ ಸಂದರ್ಭವೂ ಉಂಟು. ಆದುದರಿಂದ ಐಕಮತ್ಯವು ಸ್ವತಃ ಒಂದು ಸದ್ಗುಣವಲ್ಲ; ಅದರ ಯೋಗ್ಯತೆಯು ಅದು ಸಾಧಿಸುವ ಕಾರ್ಯದಿಂದ ನಿರ್ಣಯವಾಗುತ್ತದೆ.

ಈ ಮಾತನ್ನು ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಪರೀಕ್ಷಿಸಿ ನೋಡಬಹುದು. ಹುಣಸೂರು, ಪಿರಿಯಾಪಟ್ಟಣಗಳ ರೈತನು ಹೊಗೆಸೊಪ್ಪನ್ನು ಬೇಯಿಸಿ ಬೇಲು ಕಟ್ಟಿ ಹರಾಜಿಗೆ ತರುತ್ತಾನೆ. ಅಲ್ಲಿ ಮಾರುವವರು ಸಾವಿರಾರು, ಕೊಳ್ಳುವ ಕಂಪನಿಗಳು ಕೆಲವೇ. 1980ರಲ್ಲಿ ಹುಟ್ಟಿದ ರಾಜ್ಯ ರೈತಸಂಘವು ಕ್ರಾಂತಿವಾದಿ ಪಕ್ಷವಲ್ಲವಾದರೂ, ಬಣಗಳಾಗಿ ಒಡೆದ ವಿಷಯದಲ್ಲಿ ಅವುಗಳಿಗೆ ಹಿಂದೆ ಬಿದ್ದಿಲ್ಲ. ಆದರೆ ಬೇಲಿನ ಬೆಲೆ ಕೂಗುವವನು ರೈತನ ಬಣವನ್ನು ಕೇಳುವುದಿಲ್ಲ; ಬೆಲೆ ಕುಸಿದರೆ ಎಲ್ಲ ಬಣಗಳವರ ಸಾಲವೂ ಒಂದೇ ದಿನ ಬೆಳೆಯುತ್ತದೆ. ಹೆಗ್ಗಡದೇವನಕೋಟೆಯ ಕಡೆಗೂ ಚಾಚಿಕೊಂಡಿರುವ ನಾಗರಹೊಳೆಯ ಕಾಡಿನಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದು ವಿಹಾರಗೃಹವನ್ನು ನಡೆಸಲು ಹೊರಟಾಗ, ಜೇನುಕುರುಬರೇ ಮೊದಲಾದ ಆದಿವಾಸಿಗಳು ಒಗ್ಗಟ್ಟಿನಿಂದ ಎದ್ದು ನಿಂತರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆಯು ಅರಣ್ಯ ಕಾಯಿದೆಗೆ ವಿರುದ್ಧವೆಂದಿತು. ಬಂಡವಾಳದ ಲಕ್ಷಣವೇನೆಂಬ ಗ್ರಂಥಚರ್ಚೆಯು ಮುಗಿಯಲಿ ಎಂದು ಅವರು ಕಾದಿರಲಿಲ್ಲ.

ಆರಂಭದ ಪ್ರಶ್ನೆಗಳಿಗೆ ಉತ್ತರವು ಇಲ್ಲಿ ದೊರೆಯುತ್ತದೆ. ಪಂಗಡಗಳು ಸಿದ್ಧಾಂತದಲ್ಲಿ ಒಂದಾಗಲಾರವು, ಆಗಬೇಕಾದುದೂ ಇಲ್ಲ; ಕಾರ್ಯದಲ್ಲಿ ಒಂದಾಗಬಲ್ಲವು. ಅದಕ್ಕೆ ಬೇಡಿಕೆಯು ಸ್ಪಷ್ಟವಾಗಿರಬೇಕು; ದೊಡ್ಡ ಪಕ್ಷವು ಚಿಕ್ಕದನ್ನು ನುಂಗುವ ಉದ್ದೇಶವನ್ನು ಬಿಡಬೇಕು; ಜೊತೆಗಾರನನ್ನು ಬಹಿರಂಗವಾಗಿ ವಿಮರ್ಶಿಸುವ ಸ್ವಾತಂತ್ರ್ಯವು ಎಲ್ಲರಿಗೂ ಉಳಿಯಬೇಕು; ಮಾರ್ಗವನ್ನು ಒಪ್ಪದವನ ಮೇಲೆ ಯಾರೂ ಕೈಯೆತ್ತಕೂಡದು. ಇಷ್ಟು ಸಾಧ್ಯವಿದ್ದಾಗಲೂ ಒಂದಾಗದಿರುವುದು ಅಧರ್ಮವೇ ಸರಿ. ಏಕೆಂದರೆ ಜಗಳವಾಡುವವರು ವಾದದ ಸುಖವನ್ನಾದರೂ ಅನುಭವಿಸುತ್ತಾರೆ. ಕೃಷ್ಣರಾಜನಗರದ ಗದ್ದೆಯಲ್ಲಿ ನಾಟಿ ಮಾಡುವ ಕೂಲಿಯಾಳಿಗೆ ಅದೂ ಇಲ್ಲ. ಜಗಳದ ದಂಡವನ್ನು ತೆರುವವಳು ಅವಳು. ಐಕಮತ್ಯವು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಅವಳನ್ನು ಕೇಳಿ ನಿಶ್ಚಯಿಸುವುದೇ ಯುಕ್ತ.