ಅನ್ನಪಾನನಿರೋಧವೂ ಆರ್ಥಿಕ ದಿಗ್ಬಂಧನವೂ

ಶ್ರಾವಕನ ಅಣುವ್ರತಗಳಲ್ಲಿ ಮೊದಲನೆಯದು ಅಹಿಂಸೆ. ಈ ವ್ರತಕ್ಕೆ ತಗುಲುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೆಸರಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು, ಇವೇ ಆ ಐದು. ಇವುಗಳಲ್ಲಿ ಕೊನೆಯದಾದ ಅನ್ನಪಾನನಿರೋಧವು ವಿಶೇಷವಾಗಿ ವಿಚಾರಾರ್ಹವಾದುದು. ಇಲ್ಲಿ ಕೈ ಮೇಲೇಳುವುದಿಲ್ಲ, ಆಯುಧವೂ ಕಾಣುವುದಿಲ್ಲ. ಕೊಟ್ಟಿಗೆಯ ಎತ್ತಿಗೆ ಹೊತ್ತಿಗೆ ಸರಿಯಾಗಿ ಹುಲ್ಲು ನೀರು ಇಡದೆ ಸುಮ್ಮನಿದ್ದರೂ ವ್ರತಕ್ಕೆ ದೋಷ ತಗುಲುತ್ತದೆ.

ಈ ಸೂಕ್ಷ್ಮ ವಿವೇಚನೆಯನ್ನು ರಾಷ್ಟ್ರಗಳ ನಡವಳಿಕೆಗೆ ಅನ್ವಯಿಸಿದರೆ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ದುರಾಕ್ರಮಣ ಮಾಡಿದ ದೇಶದ ವಿರುದ್ಧ ಸೈನ್ಯವನ್ನು ಕಳುಹಿಸುವ ಬದಲು ಅದರ ವ್ಯಾಪಾರವನ್ನು ತಡೆಯುವುದು, ಸಾಲವನ್ನು ನಿಲ್ಲಿಸುವುದು, ಬಂದರುಗಳನ್ನು ಮುಚ್ಚುವುದು ಇಪ್ಪತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಗುಂಡು ಹಾರದ ಕಾರಣ ಇದನ್ನು ಶಾಂತಿಯ ಮಾರ್ಗವೆಂದು ಅನೇಕರು ಕೊಂಡಾಡಿದರು. ಇದು ನಿಜಕ್ಕೂ ಅಹಿಂಸೆಯೇ? ಅಥವಾ ಅನ್ನಪಾನನಿರೋಧದ ವಿಶ್ವರೂಪವೇ? ಉತ್ತರವನ್ನು ಅರಸುವವರು ದಿಗ್ಬಂಧನವು ಯುದ್ಧಗಳ ಗತಿಯನ್ನು ಹೇಗೆ ತಿರುಗಿಸಿತು ಎಂಬುದನ್ನು ಮೊದಲು ನೋಡಬೇಕು.

1935ರ ಅಕ್ಟೋಬರಿನಲ್ಲಿ ಮುಸೊಲಿನಿಯ ಇಟಲಿಯು ಇಥಿಯೋಪಿಯದ ಮೇಲೆ ದಂಡೆತ್ತಿ ಹೋಯಿತು. ರಾಷ್ಟ್ರಸಂಘವು ನವೆಂಬರಿನಲ್ಲಿ ಇಟಲಿಯ ವಿರುದ್ಧ ದಿಗ್ಬಂಧನವನ್ನು ಜಾರಿಗೊಳಿಸಿತು. ಆದರೆ ನಿಷೇಧದ ಪಟ್ಟಿಯಲ್ಲಿ ಪೆಟ್ರೋಲಿಯಂ ಮತ್ತು ಕಲ್ಲಿದ್ದಲು ಸೇರಲಿಲ್ಲ. ಸೂಯೆಜ್ ಕಾಲುವೆಯನ್ನು ಇಟಲಿಯ ಹಡಗುಗಳಿಗೆ ಮುಚ್ಚಲೂ ಇಲ್ಲ. ಯುದ್ಧಯಂತ್ರವು ನಡೆಯಲು ಬೇಕಾದ ಇಂಧನವು ಬರುತ್ತಲೇ ಇತ್ತು. ಇಥಿಯೋಪಿಯದ ಜನರ ಮೇಲೆ ವಿಷಾನಿಲವು ಸುರಿಯುತ್ತಲೇ ಇತ್ತು. 1936ರ ಮೇ ತಿಂಗಳಲ್ಲಿ ಅಡಿಸ್ ಅಬಾಬ ಪತನವಾಯಿತು. ಜುಲೈಯಲ್ಲಿ ದಿಗ್ಬಂಧನವನ್ನೂ ತೆಗೆದುಹಾಕಲಾಯಿತು. ಅರೆಮನಸ್ಸಿನ ನಿಯಮವು ಅಪರಾಧಿಯನ್ನು ತಡೆಯಲಿಲ್ಲ, ಪೀಡಿತನನ್ನು ಕಾಯಲೂ ಇಲ್ಲ.

ಇಪ್ಪತ್ತು ವರ್ಷಗಳ ತರುವಾಯ ಅದೇ ಸೂಯೆಜ್ ಕಾಲುವೆಯ ಪ್ರಶ್ನೆಯಲ್ಲಿ ಬೇರೆಯದೇ ಪರಿಣಾಮವು ಕಂಡುಬಂದಿತು. 1956ರ ಜುಲೈಯಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಕಾಲುವೆಯ ಕಂಪನಿಯನ್ನು ರಾಷ್ಟ್ರೀಕರಣಗೊಳಿಸಿದರು. ಅಕ್ಟೋಬರ್ ಅಂತ್ಯದಲ್ಲಿ ಇಸ್ರೇಲ್, ಅದರ ಬೆನ್ನಿಗೆ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಎರಗಿದವು. ರಣರಂಗದಲ್ಲಿ ಮೇಲುಗೈ ಆಕ್ರಮಣಕಾರರದೇ ಆಗಿತ್ತು. ಆದರೆ ಬ್ರಿಟನ್ನಿನ ಪೌಂಡಿನ ಬೆಲೆಯನ್ನು ಕಾಯುವ ಡಾಲರ್ ಸಂಗ್ರಹವು ಕರಗತೊಡಗಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ನೆರವು ಪಡೆಯಲು ಅಮೆರಿಕದ ಒಪ್ಪಿಗೆ ಬೇಕಾಗಿತ್ತು. ಸೇನೆಯನ್ನು ಹಿಂತೆಗೆದುಕೊಳ್ಳದೆ ಆ ಒಪ್ಪಿಗೆಯು ದೊರೆಯದೆಂಬುದು ಸ್ಪಷ್ಟವಾಯಿತು. ವಿಶ್ವಸಂಸ್ಥೆಯ ಮಹಾಸಭೆಯ ಖಂಡನೆ ಮತ್ತು ಸೋವಿಯತ್ ಒಕ್ಕೂಟದ ಬೆದರಿಕೆಗಳೂ ಜೊತೆಗೂಡಿದವು. ನವೆಂಬರ್ 6ರಂದು ಬ್ರಿಟನ್ ಕದನವಿರಾಮಕ್ಕೆ ಒಪ್ಪಿತು. ಡಿಸೆಂಬರ್ ಮುಗಿಯುವ ಮೊದಲೇ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಮರಳಿದವು. ತಡೆಹಿಡಿದಿದ್ದ ಸಾಲವೂ ದೊರೆಯಿತು.

ಇಲ್ಲಿ ಒತ್ತಡವು ಫಲಿಸಿದ್ದು ಹೇಗೆ? ಯುದ್ಧವನ್ನು ನಿಶ್ಚಯಿಸಿದ ಮಂತ್ರಿಮಂಡಲಕ್ಕೇ ಅದು ನೇರವಾಗಿ ತಟ್ಟಿತು. ಬೇಡಿಕೆಯು ಒಂದೇ ಆಗಿತ್ತು, ಮತ್ತು ಅದು ಈಡೇರಿದೊಡನೆ ಒತ್ತಡವು ನಿಂತಿತು. ಭರತ ಬಾಹುಬಲಿಗಳ ಕಥೆಯನ್ನು ಬಲ್ಲವರಿಗೆ ಈ ನೀತಿಯು ಹೊಸದಲ್ಲ. ಎರಡು ಕಡೆಯ ಸೈನ್ಯಗಳು ಎದುರುಬದುರಾಗಿ ನಿಂತಾಗ, ನಿರಪರಾಧಿಗಳ ಪ್ರಾಣಹಾನಿ ಏಕೆಂದು ಯೋಚಿಸಿದ ಮಂತ್ರಿಗಳು ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಜಯಾಪಜಯವನ್ನು ತೀರ್ಮಾನಿಸಿಕೊಳ್ಳಲೆಂದರು. ಕಲಹದ ಭಾರವನ್ನು ಕಲಹಕ್ಕೆ ನಿಂತವರೇ ಹೊರಬೇಕೆಂಬುದು ಆ ಸಲಹೆಯ ಸಾರ.

ಇರಾಕಿನಲ್ಲಿ ನಡೆದದ್ದು ಇದಕ್ಕೆ ತೀರ ವ್ಯತಿರಿಕ್ತ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನರ ಸೈನ್ಯವು ಕುವೈತನ್ನು ಆಕ್ರಮಿಸಿತು. ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಇರಾಕಿನ ಬಹುತೇಕ ಸಮಸ್ತ ವ್ಯಾಪಾರವನ್ನು ನಿಷೇಧಿಸಿತು. ಔಷಧಗಳಿಗೂ, ಮಾನವೀಯ ಸಂದರ್ಭಗಳಲ್ಲಿ ಆಹಾರಕ್ಕೂ ವಿನಾಯಿತಿ ಇದ್ದಿತಾದರೂ, ಆಹಾರದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ಆ ದೇಶಕ್ಕೆ ಎಣ್ಣೆ ಮಾರಿ ಹಣ ಗಳಿಸುವ ದಾರಿಯೇ ಮುಚ್ಚಿಹೋಯಿತು. ದಿಗ್ಬಂಧನದಿಂದ ಕುವೈತ್ ಬಿಡುಗಡೆಯಾಗಲಿಲ್ಲ. 1991ರ ಆರಂಭದ ಯುದ್ಧದಿಂದ ಆಯಿತು. ಯುದ್ಧವು ಮುಗಿದರೂ ದಿಗ್ಬಂಧನವು ಮುಗಿಯಲಿಲ್ಲ. ನಿರಾಯುಧೀಕರಣದ ಷರತ್ತಿನೊಡನೆ ಅದು 2003ರ ಮೇ ತಿಂಗಳವರೆಗೆ ಮುಂದುವರಿಯಿತು.

ಬಾಂಬ್ ದಾಳಿಯಿಂದ ವಿದ್ಯುತ್ ಕೇಂದ್ರಗಳು ಹಾಳಾಗಿ ಕುಡಿಯುವ ನೀರು, ಚರಂಡಿಗಳ ವ್ಯವಸ್ಥೆ ಕುಸಿದಿತ್ತು. ಅದನ್ನು ಸರಿಪಡಿಸಲು ಬೇಕಾದ ಹಲವು ಸಾಮಗ್ರಿಗಳು ಶಸ್ತ್ರಗಳಿಗೂ ಬಳಕೆಯಾಗಬಹುದೆಂಬ ಶಂಕೆಯಿಂದ ತಡೆಹಿಡಿಯಲ್ಪಟ್ಟವು. ಎಣ್ಣೆ ಮಾರಿ ಆಹಾರ ಕೊಳ್ಳುವ ಏರ್ಪಾಡನ್ನು ಮಂಡಳಿಯು 1991ರಲ್ಲಿಯೇ ಮುಂದಿಟ್ಟಾಗ ಇರಾಕಿನ ಸರ್ಕಾರವು ತಿರಸ್ಕರಿಸಿತು. ಅದು ಕಾರ್ಯರೂಪಕ್ಕೆ ಬಂದದ್ದು 1996ರ ಡಿಸೆಂಬರಿನಲ್ಲಿ. ಆ ಕಾರ್ಯಕ್ರಮದ ಮೇಲ್ವಿಚಾರಕರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಸ್ಥಾನಕ್ಕೆ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ, ಜನರ ದುಃಸ್ಥಿತಿಯನ್ನು ಕಂಡು ಪ್ರತಿಭಟಿಸಿ ಹುದ್ದೆಯನ್ನು ತ್ಯಜಿಸಿದರು. ಇಷ್ಟೆಲ್ಲ ನಡೆದರೂ ಅರಮನೆಯಲ್ಲಿದ್ದವನಿಗೆ ಊಟದ ಕೊರತೆಯಾಗಲಿಲ್ಲ. ಪಡಿತರ ಹಂಚುವ ಅಧಿಕಾರವು ಅವನ ಕೈಯಲ್ಲಿಯೇ ಇದ್ದುದರಿಂದ ಹಸಿದ ಪ್ರಜೆಗಳು ಅವನಿಗೆ ಇನ್ನಷ್ಟು ಅಧೀನರಾದರು.

ವಸ್ತುವನ್ನು ಅನೇಕ ಮುಖಗಳಿಂದ ನೋಡಬೇಕೆನ್ನುವ ಪರಂಪರೆಗೆ ಇನ್ನೆರಡು ಸಂಗತಿಗಳನ್ನು ಮರೆಮಾಚುವುದು ಸಲ್ಲದು. 2003ರ ಯುದ್ಧದ ತರುವಾಯ ಹುಡುಕಿದಾಗ ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಸಂಗ್ರಹವು ಸಿಗಲಿಲ್ಲ. ತಪಾಸಣೆಯೂ ದಿಗ್ಬಂಧನವೂ ಕೂಡಿ ಶಸ್ತ್ರಗಳಿಗೆ ಕಡಿವಾಣ ಹಾಕಿದ್ದವೆಂಬುದನ್ನು ಒಪ್ಪಬೇಕು. ಐದು ಲಕ್ಷ ಮಕ್ಕಳು ಮಡಿದರೆಂದು ಆ ಕಾಲದಲ್ಲಿ ಜಗತ್ತಿನಾದ್ಯಂತ ಹರಡಿದ ಅಂಕಿಯನ್ನೂ ನಂತರದ ಸಮೀಕ್ಷೆಗಳು ಸಮರ್ಥಿಸಲಿಲ್ಲ. ಕರುಣೆಯ ಹೆಸರಿನಲ್ಲಿಯೂ ಸತ್ಯಾಣುವ್ರತವನ್ನು ಬಿಡಲಾಗದು. ಆದರೆ ಅಂಕಿಯು ಕುಗ್ಗಿದ ಮಾತ್ರಕ್ಕೆ ಪ್ರಶ್ನೆಯು ಕುಗ್ಗುವುದಿಲ್ಲ. ರಾಜನ ತಪ್ಪಿಗೆ ಕೂಸಿನ ಹಾಲನ್ನು ಪಣವಾಗಿ ಇಡಬಹುದೇ ಎಂಬುದಕ್ಕೆ ಲೆಕ್ಕವಿಡುವವರು ಉತ್ತರ ಕೊಡಲಾರರು.

ಹಸಿದ ಜನರೇ ದೊರೆಯನ್ನು ಕೆಳಗಿಳಿಸುವರೆಂಬ ವಾದವುಂಟು. ಹಾಗಾದರೆ ಅವರ ಹಸಿವು ಆಕಸ್ಮಿಕವಲ್ಲ, ಸಾಧನವೇ ಆಯಿತು. ಅಂತಹ ಹಿಂಸೆಯು ಸಂಕಲ್ಪೀ ಹಿಂಸೆಯ ಸಮೀಪಕ್ಕೆ ಬರುತ್ತದೆ. ದುರಾಕ್ರಮಣವನ್ನು ಎದುರಿಸುವಾಗ ಗೃಹಸ್ಥನಿಗೆ ವಿರೋಧೀ ಹಿಂಸೆಯು ಅನಿವಾರ್ಯವಾಗಬಹುದೆಂದು ಶಾಸ್ತ್ರಕಾರರು ಒಪ್ಪಿದ್ದಾರೆ. ಆದರೆ ಅದು ವಿರೋಧಿಗೆ ಸಂಬಂಧಿಸಿದುದು. ತೊಟ್ಟಿಲ ಮಗುವು ಯಾರ ವಿರೋಧಿ? ಕಡತಕ್ಕೆ ಸಹಿ ಹಾಕಿದವನು ತಾನು ಕೊಲ್ಲಲಿಲ್ಲವೆಂದು ಹೇಳಿಕೊಂಡರೂ ಕೃತ, ಕಾರಿತ, ಅನುಮೋದಿತಗಳೆಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುತ್ತದೆ.

ಇರಾಕಿನ ಅನುಭವದಿಂದ ಜಗತ್ತು ಕೆಲಮಟ್ಟಿಗೆ ಪಾಠ ಕಲಿಯಿತು. ಇಡೀ ದೇಶದ ವ್ಯಾಪಾರವನ್ನು ನಿಲ್ಲಿಸುವ ಬದಲು ಅಪರಾಧಿಗಳ ಹಣ, ಪ್ರಯಾಣ, ಶಸ್ತ್ರಖರೀದಿಗಳನ್ನು ತಡೆಯುವ ಕ್ರಮಕ್ಕೆ ಭದ್ರತಾ ಮಂಡಳಿಯು ಹೊರಳಿತು. ಆಸ್ತಿಗಳನ್ನು ಸ್ಥಗಿತಗೊಳಿಸುವ ತನ್ನ ಕ್ರಮಗಳು ಮಾನವೀಯ ನೆರವಿಗೆ ಅಡ್ಡಬರಬಾರದೆಂದು 2022ರ ಡಿಸೆಂಬರಿನಲ್ಲಿ ಅದು ನಿರ್ಣಯಿಸಿತು. ಈ ವಿನಾಯಿತಿಯನ್ನು ಭಯೋತ್ಪಾದಕರು ದುರುಪಯೋಗಪಡಿಸಿಕೊಳ್ಳಬಹುದೆಂಬ ಆತಂಕದಿಂದ ಭಾರತವು ಮತದಾನದಿಂದ ದೂರ ಉಳಿಯಿತು. ಆತಂಕವು ನಿರಾಧಾರವಲ್ಲ. ಆದರೂ ಕಳ್ಳನು ನುಸುಳುವನೆಂಬ ಭಯದಿಂದ ಅನ್ನಛತ್ರವನ್ನೇ ಮುಚ್ಚುವವರಿಲ್ಲ. ಬಾಗಿಲಲ್ಲಿ ಎಚ್ಚರದಿಂದ ನಿಲ್ಲುತ್ತಾರೆ.

ವ್ಯಾಪಾರವನ್ನು ನಿಲ್ಲಿಸುವುದೆಲ್ಲವೂ ಹಿಂಸೆಯಲ್ಲ. ಕೊಲೆಗಡುಕನಿಗೆ ಕತ್ತಿಯನ್ನು ಮಾರದಿರುವುದು ಧರ್ಮವೇ. ದಿಗ್ಬಂಧನಕ್ಕೂ ವ್ರತಕ್ಕಿರುವಂತೆ ಪರಿಮಾಣ ಬೇಕು: ಯಾರ ಮೇಲೆ, ಯಾವುದಕ್ಕಾಗಿ, ಎಲ್ಲಿಯವರೆಗೆ ಎಂಬ ಮಿತಿ. ಆ ಮಿತಿಯೊಳಗೆ ಅದು ಯುದ್ಧವನ್ನು ನಿಲ್ಲಿಸಬಲ್ಲದು. ಮಿತಿ ತಪ್ಪಿದಾಗ ಮೊದಲು ಬರಿದಾಗುವುದು ಬಡವನ ಗಡಿಗೆ. ದಾನಗಳಲ್ಲಿ ಆಹಾರದಾನವನ್ನೂ ಅಭಯದಾನವನ್ನೂ ಒಂದೇ ಸಾಲಿನಲ್ಲಿ ಇರಿಸಿದ ಪೂರ್ವಾಚಾರ್ಯರು, ಅನ್ನವನ್ನು ಕಸಿದು ಅಭಯವನ್ನು ಸ್ಥಾಪಿಸಲಾಗದೆಂಬುದನ್ನು ಬಲ್ಲವರಾಗಿದ್ದರು.