ಪಾತ್ರದ ಮಾತು, ನಮ್ಮ ಮಾತು

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ; ಅರ್ಥಧಾರಿ ಕುಳಿತಲ್ಲಿಂದಲೇ, ಬರೆದುಕೊಂಡ ಚೀಟಿಯಿಲ್ಲದೆ, ರಾವಣನಾಗಿಯೋ ಕರ್ಣನಾಗಿಯೋ ಮಾತಾಡಬೇಕು. ಕಿರೀಟವಿಲ್ಲದ ರಾವಣನಿಗೆ ಮಾತೇ ಕಿರೀಟ. ಹಾಗಾದರೆ ಪಾತ್ರಕ್ಕೆ ಒಪ್ಪುವ ಮಾತು ಯಾವುದು?

ಶುದ್ಧ ಕನ್ನಡ ಎಂಬುದು ನಮ್ಮಲ್ಲಿ ಸಿದ್ಧವಾಗಿರುವ ಉತ್ತರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಈ ಶುದ್ಧಿಯ ಕಾಳಜಿ ಹೆಚ್ಚಿದ್ದು ಸಹಜವೇ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವವರಿಗೂ ಗಂಟೆಗಟ್ಟಲೆ ಕನ್ನಡವೇ ಕಿವಿಗೆ ಬೀಳುವ ಜಾಗ ಅದು. ನಾನೂ ಹಾಗೆಯೇ ನಂಬಿದ್ದೆ.

ಕುಂಬಳೆ ಸೀಮೆಯ ಒಂದು ಊರಿನಲ್ಲಿ 'ಅಂಗದ ಸಂಧಾನ'. ನಾನು ರಾವಣ, ಮಲಯಾಳ ಮಾಧ್ಯಮದಲ್ಲಿ ಓದುವ ಹುಡುಗನೊಬ್ಬ ಅಂಗದ. "ನಾನು ಸಂಧಿಗಾಗಿ ಬಂದವನು, ಪಕ್ಷೇ ಹೆದರಿ ಬಂದವನಲ್ಲ" ಎಂದ. ಆ 'ಪಕ್ಷೇ' ಕೇಳಿ ಸಭೆ ನಕ್ಕಿತು. ಬಳಿಕ ನಾನು ವಾಲಿವಧೆಯನ್ನೆತ್ತಿ, "ಆರೋಪಿಗೆ ಸಮರ್ಥನೆಯ ಅವಕಾಶವೀಯದೆ ಮರೆಯಲ್ಲಿ ನಿಂತು ದಂಡಿಸಿದ್ದು ಯಾವ ನ್ಯಾಯಾಂಗದ ಕ್ರಮ?" ಎಂದು ಕೇಳಿದೆ. ಪರಭಾಷೆಯ ಒಂದು ಪದವಿಲ್ಲ. ಚಪ್ಪಾಳೆ ಬಿತ್ತು. ಹುಡುಗ ತಡವರಿಸಿ ಸುಮ್ಮನಾದ.

ಮನೆಗೆ ಮರಳುವಾಗ ಸಂಶಯ ಹುಟ್ಟಿತು. ಕಾವ್ಯದ ಜೀವ ಔಚಿತ್ಯವೆಂದು ಕಾಶ್ಮೀರದ ಕ್ಷೇಮೇಂದ್ರ 11ನೆಯ ಶತಮಾನದಲ್ಲೇ ವಾದಿಸಿದ. ಅಂದು ಔಚಿತ್ಯ ಕೆಡಿಸಿದವರು ಯಾರು? ಹುಡುಗನ ಪದ ಹೊರಗಿನದಾದರೂ ಭಾವ ಅಪ್ಪಟ ಅಂಗದನದು: ಸಂಧಿಯ ವಿನಯವೂ ವಾಲಿಪುತ್ರನ ಅಭಿಮಾನವೂ ಒಂದೇ ವಾಕ್ಯದಲ್ಲಿದ್ದವು. ನನ್ನ ಪದಗಳೆಲ್ಲ ಕನ್ನಡ. ಮಾತು ಮಾತ್ರ ವಕೀಲನದು.

ರಾವಣನಿಗೆ ಅಲ್ಲಿ ಆಡಲು ತನ್ನದೇ ಮಾತಿತ್ತು. ವಾಲಿ ಅವನನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರಗಳನ್ನು ಸುತ್ತಿದವನು. ಆಮೇಲೆ ಅಗ್ನಿಸಾಕ್ಷಿಯಾಗಿ ಗೆಳೆಯನಾದವನು. ಗೆಳೆತನವನ್ನು ಹೇಳುತ್ತ, ಕಂಕುಳ ಕಥೆಯನ್ನು ಮುಚ್ಚಿಡುತ್ತ, ಗೆಳೆಯನ ಮಗನನ್ನು ತನ್ನ ಪಕ್ಷಕ್ಕೆ ಸೆಳೆಯಬೇಕಾದ ಇಕ್ಕಟ್ಟು ರಾವಣನದು. ಆ ನಾಚಿಕೆಯ ಒಳಗಿನಿಂದ ಹುಟ್ಟಬೇಕಾದ ಮಾತನ್ನು ಬಿಟ್ಟು, ನಾನು ಓದಿದ್ದನ್ನು ಅವನ ಬಾಯಿಗೆ ತುರುಕಿದೆ. ಸೋತದ್ದು ಅಂಗದನಲ್ಲ, ನನ್ನಷ್ಟು ಓದಿರದ ಒಬ್ಬ ಹುಡುಗ.

ಪಾತ್ರವಾಗಿ ಮಾತಾಡುವುದೆಂದರೆ ಅದರ ಋಣ, ಗಾಯ, ಅಜ್ಞಾನಗಳನ್ನೂ ನಮ್ಮವೆಂದು ಒಪ್ಪಿಕೊಳ್ಳುವುದು. ಅದು ಅರಿಯದ್ದನ್ನು ಅದರಿಂದ ಹೇಳಿಸಿ ಗೆದ್ದರೆ ಆ ಗೆಲುವು ಅರ್ಥಧಾರಿಯದೇ ಹೊರತು ಪಾತ್ರದ್ದಲ್ಲ. ಭಾಷೆಯನ್ನು ಉಳಿಸಿಕೊಳ್ಳಬೇಕೆನ್ನುವ ನಾವು ಪದದ ತಪ್ಪನ್ನು ಎಣಿಸಿದಷ್ಟು ಸುಲಭವಾಗಿ ಈ ತಪ್ಪನ್ನು ಎಣಿಸುವುದಿಲ್ಲ. 'ಪಕ್ಷೇ'ಯನ್ನು 'ಆದರೆ' ಎಂದು ತಿದ್ದಲು ಒಂದು ನಿಮಿಷ ಸಾಕಿತ್ತು. ಕೂಟ ಮುಗಿದ ಮೇಲೆ ಬಳಿಯಲ್ಲಿ ಕುಳ್ಳಿರಿಸಿ ಹೇಳಬಹುದಿತ್ತು.

ಮರುವರ್ಷ ಅಂಗದನ ಅರ್ಥ ಹೇಳಲು ಅವನನ್ನು ಕರೆದೆವು. "ನನ್ನ ಕನ್ನಡ ಸಾಲದು, ಮಾವ" ಎಂದ, ಬರಲಿಲ್ಲ.