ಸಾಕ್ಷಿಯಾಗಿ ಯಾರ ಹೆಸರು ಬರೆಯೋಣ?



ಅಮೆರಿಕದ ಯಾವುದೋ ವೈದ್ಯಕೀಯ ಕಾಲೇಜಿನಿಂದ ಒಂದು ಸಂಜೆ ನಿಮಗೆ ಫೋನ್ ಬಂತು ಎಂದು ಇಟ್ಟುಕೊಳ್ಳಿ. "ಈ ಹುಡುಗ ಕಳೆದ ರಜೆಯಲ್ಲಿ ಹರಿಹರದ ವೃದ್ಧಾಶ್ರಮವೊಂದರಲ್ಲಿ 60 ತಾಸು ಸೇವೆ ಮಾಡಿದೆನೆಂದು ಅರ್ಜಿಯಲ್ಲಿ ಬರೆದಿದ್ದಾನೆ. ಅದನ್ನು ಬಲ್ಲವರು ನೀವೆಂದು ತಿಳಿಸಿದ್ದಾನೆ. ನಿಜವೇ?" ಹುಡುಗ ನಿಮ್ಮ ತಂಗಿಯ ಮಗ. ಆಶ್ರಮಕ್ಕೆ ಹೋದದ್ದು ನಾಲ್ಕು ದಿನ, ದಿನಕ್ಕೆ ಮೂರು ತಾಸು. ನೀವು ಏನು ಹೇಳುವಿರಿ?

ಇದು ನಮಗೆ ಸಂಬಂಧವಿಲ್ಲದ ಮಾತು ಎನ್ನಬೇಡಿ. ದಾವಣಗೆರೆ ವೈದ್ಯ ವಿದ್ಯೆಯ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರಲ್ಲಿ ಎಸ್.ಎಸ್. ವೈದ್ಯಕೀಯ ಸಂಸ್ಥೆ ಇಲ್ಲಿ ಆರಂಭವಾದವು. ಇಲ್ಲಿ ಕಲಿತವರು ಹೊರದೇಶಗಳಲ್ಲೂ ಇದ್ದಾರೆ. ಅಲ್ಲಿ ಹುಟ್ಟಿದ ಮಕ್ಕಳು ರಜೆಗೆ ಅಜ್ಜಿಯ ಮನೆಗೆ ಬರುತ್ತಾರೆ. ಅಮೆರಿಕದಲ್ಲಿ ವೈದ್ಯಕೀಯ ಓದಲು ಸಾಮಾನ್ಯವಾಗಿ ಮೊದಲು ಪದವಿ ಮುಗಿಸಬೇಕು. ನಂತರ ಬಹುಪಾಲು ಕಾಲೇಜುಗಳಿಗೆ 'ಆಮ್‌ಕ್ಯಾಸ್' ಎಂಬ ಒಂದೇ ಅರ್ಜಿ. ಅದರಲ್ಲಿ ತಾನು ಮಾಡಿದ ಕೆಲಸ, ಸೇವೆ, ಸಂಶೋಧನೆ ಎಲ್ಲ ಸೇರಿ 15 ಅನುಭವಗಳವರೆಗೆ ಬರೆಯಬಹುದು. ಎಲ್ಲಿ, ಎಷ್ಟು ತಾಸು, ಅದನ್ನು ದೃಢಪಡಿಸಬಲ್ಲವರು ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬುದನ್ನೂ ತಿಳಿಸಬೇಕು. ನಮ್ಮಲ್ಲಿ 2016ರಿಂದ ನೀಟ್ ಅಂಕವೇ ಮುಖ್ಯವಾದ್ದರಿಂದ ಇಂಥ ಅಂಕಣ ನಮ್ಮ ಹಿರಿಯರಿಗೆ ಹೊಸದು. "ಹೆಸರು ತಾನೇ, ನಿಮ್ಮ ದೊಡ್ಡಪ್ಪನದು ಬರೆದುಕೋ" ಎಂದುಬಿಡುತ್ತಾರೆ.

ದೊಡ್ಡಪ್ಪ ಹೆಸರಾಂತ ಸರ್ಜನ್ ಆಗಿರಬಹುದು. ಆದರೆ ಅಜ್ಜಂದಿರಿಗೆ ಗಂಜಿ ಕುಡಿಸುವಾಗ ಹುಡುಗನ ಪಕ್ಕದಲ್ಲಿ ಅವರಿದ್ದರೇ? ಇದ್ದವರು ಅಡಿಗೆಮನೆಯ ಸಿಸ್ಟರ್, ಇಲ್ಲವೇ ಹಾಸಿಗೆ ಬದಲಿಸುವ ಆಯಾ. ಹುಡುಗ ಮೊದಲ ದಿನ ವಾಸನೆ ತಾಳಲಾರದೆ ಹೊರಗೆ ಹೋಗಿ ನಿಂತದ್ದನ್ನೂ, ಮರುದಿನ ತಾನಾಗಿಯೇ ಬೇಸಿನ್ ಹಿಡಿದದ್ದನ್ನೂ ಅವರು ಕಂಡಿದ್ದಾರೆ. ಸಾಕ್ಷಿ ಎಂದರೆ ಕಂಡವರು. ನಾವು ಆ ಅಂಕಣವನ್ನು ಶಿಫಾರಸು ಎಂದುಕೊಳ್ಳುವುದರಿಂದಲೇ ದೊಡ್ಡ ಹೆಸರಿಗೆ ಹುಡುಕಾಡುತ್ತೇವೆ. ಕೆಲಸ ಆಗಬೇಕಾದರೆ ಯಾರಾದರೂ ಹೇಳಬೇಕು ಎಂಬುದು ನಮ್ಮ ಹಳೆಯ ರೋಗ. ಅದು ಅಮೆರಿಕಕ್ಕೆ ಹೋದರೂ ಬಿಡುವುದಿಲ್ಲ!

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತಬಹುದು. ದಾನಧರ್ಮವನ್ನು ಗುಟ್ಟಾಗಿ ಮಾಡಬೇಕೆಂದು ಯೇಸುಸ್ವಾಮಿ ಬೋಧಿಸಿರುವಾಗ, ಸೇವೆಯನ್ನು ತಾಸಿನ ಲೆಕ್ಕದಲ್ಲಿ ಪಟ್ಟಿ ಮಾಡುವುದು ಸರಿಯೇ? ನನಗೂ ಇದು ಪೂರ್ತಿ ಒಪ್ಪಿಗೆಯಾಗುವ ಪದ್ಧತಿಯಲ್ಲ. ಸೀಟಿಗಾಗಿಯೇ ಸೇವೆ ಮಾಡುವವರನ್ನು ಅದು ತಯಾರು ಮಾಡೀತು. ಆದರೂ ಕೇಳಿದವರಿಗೆ ಇದ್ದದ್ದನ್ನು ಹೇಳುವುದು ಬೀದಿಯಲ್ಲಿ ಡಂಗುರ ಸಾರಿದಂತಲ್ಲ. ರೋಗಿಗಳ ನಡುವೆ ಬಾಳಬೇಕಾದವನು ಎಂದಾದರೂ ರೋಗಿಯ ಬಳಿ ಕುಳಿತಿದ್ದನೇ ಎಂದು ಕಾಲೇಜು ತಿಳಿಯಬಯಸುವುದು ನ್ಯಾಯವೇ. ತೊಡಕು ಬರುವುದು 12 ತಾಸು 60 ಆದಾಗ.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ತಂದೆತಾಯಿಯನ್ನು ಅಧಿಕಾರಿಗಳು ವಿಚಾರಣೆಗೆ ಕರೆಯುತ್ತಾರೆ. ಅವನು ತಮ್ಮ ಮಗನೆಂದೂ, ಕುರುಡನಾಗಿಯೇ ಹುಟ್ಟಿದನೆಂದೂ ಅವರು ಒಪ್ಪಿಕೊಳ್ಳುತ್ತಾರೆ. ಕಣ್ಣು ಬಂದದ್ದು ಹೇಗೆಂದು ತಮಗೆ ತಿಳಿಯದು, ಪ್ರಾಯಕ್ಕೆ ಬಂದ ಅವನನ್ನೇ ಕೇಳಿ ಎನ್ನುತ್ತಾರೆ. ಅವರು ಹೆದರಿ ಹಾಗೆ ಹೇಳಿದರೆಂದು ಶುಭಸಂದೇಶವೇ ತಿಳಿಸುವುದರಿಂದ ಧೈರ್ಯಕ್ಕೆ ಅವರು ಮಾದರಿಯಲ್ಲ. ಆದರೆ ಆ ಉತ್ತರದ ಅಳತೆಯನ್ನು ಗಮನಿಸಿ: ಇಷ್ಟು ಬಲ್ಲೆವು, ಇದರಾಚೆ ತಿಳಿಯದು. ಸ್ವಂತ ಮಗನ ವಿಷಯದಲ್ಲಿ ಹೀಗೆ ಹೇಳುವುದು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ?

"ಸುಳ್ಳಾದರೂ ಯಾರಿಗೆ ನಷ್ಟ?" ಎನ್ನುತ್ತಾರೆ. ಅದೇ ಸೀಟಿಗೆ 12ನ್ನು 12 ಎಂದೇ ಬರೆದ ಇನ್ನೊಂದು ಮನೆಯ ಮಗುವಿಗೆ ನಷ್ಟ. ಆ ಮಗು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ವೈದ್ಯನಾಗುವವನು ಜೀವಮಾನವಿಡೀ ಸಾಕ್ಷಿ ಹೇಳುವವನು ಎಂಬುದನ್ನೂ ಮರೆಯಬಾರದು. ರಜೆಗೆ, ವಿಮೆಗೆ, ಅಂಗವೈಕಲ್ಯಕ್ಕೆ, ಮರಣಕ್ಕೆ ಅವನ ಸಹಿಯೇ ಆಧಾರ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳ ಪ್ರಕಾರ ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದ ವೈದ್ಯರ ಹೆಸರನ್ನು ನೋಂದಣಿ ಪಟ್ಟಿಯಿಂದಲೇ ತೆಗೆದುಹಾಕಬಹುದು. ಇಂಥ ವೃತ್ತಿಯ ಬಾಗಿಲಲ್ಲೇ ಸೋದರಮಾವನಿಂದ ಸುಳ್ಳು ಹೇಳಿಸಿ ಒಳಗೆ ಹೋಗುವುದೇ?

ಅಮೆರಿಕದ ಮಾತು ಹಾಗಿರಲಿ, ನಮ್ಮ ಧರ್ಮಕೇಂದ್ರಗಳಿಗೇ ಬನ್ನಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಯೋವಾನರ ವೈದ್ಯಕೀಯ ಕಾಲೇಜಿನಲ್ಲಿ ಕಥೋಲಿಕರಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಜ್ಞಾನಸ್ನಾನದ ಪ್ರಮಾಣಪತ್ರವೂ ಧರ್ಮಕೇಂದ್ರದ ಗುರುಗಳ ಪತ್ರವೂ ಬೇಕು. ಜ್ಞಾನಸ್ನಾನಕ್ಕೆ ದಾಖಲೆ ಪುಸ್ತಕವಿದೆ. ಆದರೆ "ಮಗಳು ಧರ್ಮಕೇಂದ್ರದ ಕೆಲಸದಲ್ಲಿ ಬಹಳ ಚುರುಕು ಎಂದೂ ಸೇರಿಸಿಬಿಡಿ ಫಾದರ್" ಎಂದು ಕೇಳಿದರೆ, ಹೊಸದಾಗಿ ಬಂದ ಗುರುಗಳು ಏನು ಮಾಡಬೇಕು? ಅವರು ಉಪದೇಶಿಯನ್ನು ವಿಚಾರಿಸುತ್ತಾರೆ, ಗಾಯನವೃಂದದವರನ್ನು ಕೇಳುತ್ತಾರೆ. ಅದಕ್ಕೆ ನಾವು ಮುಖ ಗಂಟು ಹಾಕಿಕೊಳ್ಳುವುದುಂಟು. ಅಡಿಗೆ ಉಪ್ಪಿದೆಯೇ ಎಂದು ನೋಡಿ ಬಡಿಸುವವರ ಮೇಲೆ ಯಾರಾದರೂ ಕೋಪಿಸಿಕೊಳ್ಳುತ್ತಾರೆಯೇ?

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋದವರಿಗೆ ಅಲ್ಲಿನ ಜನಸಾಗರ ಗೊತ್ತು. 2019ರಲ್ಲಿ ಆ ದೇವಾಲಯ ಬಸಿಲಿಕವಾಯಿತು. ಅಂಥ ಜನಜಂಗುಳಿಯಲ್ಲಿ ಒಬ್ಬ ಹುಡುಗಿ ದಿನವಿಡೀ ನೀರು ಹಂಚಿದರೆ ಅದನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ವೇದಿಕೆಯ ಮೇಲಿದ್ದವರ ಹೆಸರು ಬರೆದರೆ ಅವರಿಗೆ ಆಕೆಯ ಮುಖವೇ ನೆನಪಿರದು. ಅವಳನ್ನು ಆ ಜಾಗದಲ್ಲಿ ನಿಲ್ಲಿಸಿದ ಯುವಕರ ಮುಂದಾಳು ಸಾಕು, ಅವರ ಹೆಸರಿನ ಮುಂದೆ ಬಿರುದು ಇಲ್ಲದಿದ್ದರೂ.

ಸೇವೆ ಮಾಡಿದ್ದು ಪೂರ್ತಿ ನಿಜವಾಗಿದ್ದರೂ ಸಾಕ್ಷಿ ಕಳೆದುಹೋಗಬಹುದು ಎಂಬುದು ಬೇರೊಂದು ಕಷ್ಟ. ಗುರುಗಳಿಗೂ ಸಿಸ್ಟರುಗಳಿಗೂ ವರ್ಗವಾಗುತ್ತದೆ. ಎರಡು ವರ್ಷದ ನಂತರ ಕೇಳಿದರೆ, ಹೊಸ ಸಿಸ್ಟರ್ "ಅಂಥವರು ಯಾರೂ ಗೊತ್ತಿಲ್ಲ" ಎನ್ನುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ರಜೆಗೆ ಬಂದ ಮೊಮ್ಮಕ್ಕಳಿಗೆ ಹೇಳಿ: ಬಂದ ದಿನ, ಹೋದ ಹೊತ್ತು ಆಶ್ರಮದ ಪುಸ್ತಕದಲ್ಲಿ ಬರೆಯಿರಿ. ಹೊರಡುವ ಮೊದಲು ದಿನಾಂಕ ಹಾಕಿದ ಒಂದು ಪತ್ರ ಪಡೆಯಿರಿ. ಒಬ್ಬರ ಸ್ವಂತ ಮೊಬೈಲ್ ನಂಬರಿನ ಜೊತೆಗೆ ಆಶ್ರಮದ ಕಛೇರಿಯ ನಂಬರನ್ನೂ ಇಟ್ಟುಕೊಳ್ಳಿ. "ನಿಮ್ಮ ಹೆಸರು ಕೊಡಲೇ?" ಎಂದು ಮೊದಲೇ ಕೇಳಿ. ಕೇಳದೆ ಹೆಸರು ಬರೆದರೆ, ಅಪರಿಚಿತರು ಇಂಗ್ಲಿಷಿನಲ್ಲಿ ಫೋನ್ ಮಾಡಿದಾಗ ಆಕೆ ಗಾಬರಿಯಾಗದೆ ಇರುತ್ತಾಳೆಯೇ?

ಆ ಆಯಾಗೆ ಇಂಗ್ಲಿಷ್ ಬಾರದು, ಇ-ಮೇಲ್ ಇಲ್ಲ ಎನ್ನುವಿರಿ. ನಿಜ. ಆಗ ಅರ್ಜಿಯಲ್ಲಿ ಆಶ್ರಮದ ಮುಖ್ಯಸ್ಥೆಯ ಹೆಸರೇ ಇರಲಿ. ಆದರೆ ಪತ್ರಕ್ಕೆ ಸಹಿ ಹಾಕುವ ಮೊದಲು ಅವರು ಒಮ್ಮೆ ಒಳಗೆ ಹೋಗಿ, ಹುಡುಗ ಎಷ್ಟು ದಿನ ಬಂದಿದ್ದ ಎಂದು ಆಯಾಳನ್ನು ಕೇಳಿ ಬರಲಿ.